ವೋಟಿಗೆ ಮೌಲ್ಯ, ಬಾಜಿಗೆ ರೇಟು



ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಹುಡುಗನೊಬ್ಬ ಮೊಬೈಲ್ ತೋರಿಸಿ, "ಸರ್, ಸರ್ವೆ ಎಲ್ಲಾ ಸುಳ್ಳು. ದುಡ್ಡು ಕಟ್ಟೋರು ಸುಳ್ಳು ಹೇಳಲ್ಲ. ನೋಡಿ, ಅಮೆರಿಕಾ ಎಲೆಕ್ಷನ್ ರೇಟು" ಅಂದ. ಅವತ್ತು ನನಗೆ ಉತ್ತರ ಹೊಳೀಲಿಲ್ಲ. ಆಮೇಲೆ ಓದಿ ತಿಳಿದದ್ದನ್ನ ಇಲ್ಲಿ ಬರೀತಿದ್ದೀನಿ.

ಇದು ಹೊಸ ಆಟವೇನಲ್ಲ. 1880ರ ದಶಕದಿಂದ 1940ರವರೆಗೆ ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನಲ್ಲಿ ಅಧ್ಯಕ್ಷರ ಚುನಾವಣೆ ಮೇಲೆ ರಾಜಾರೋಷವಾಗಿ ಬಾಜಿ ನಡೀತಿತ್ತು. ದಲ್ಲಾಳಿಗಳು ಕಮಿಷನ್ ತಗೋತಿದ್ರು, ಪೇಪರಿನವರು ರೇಟು ಅಚ್ಚು ಹಾಕ್ತಿದ್ರು. 1916ರಲ್ಲಿ ಕಟ್ಟಿದ ಹಣ, 2002ರ ಬೆಲೆಯಲ್ಲಿ ಲೆಕ್ಕ ಹಾಕಿದರೆ, ಸುಮಾರು 16.5 ಕೋಟಿ ಡಾಲರ್. ಬಾಜಿಕೋರರು ನಂಬಿದ್ದು ಹ್ಯೂಸ್‌ನನ್ನ. ಗೆದ್ದದ್ದು ವಿಲ್ಸನ್.

ಅದೇ ವರ್ಷದ ಮಧ್ಯಭಾಗದವರೆಗೆ ಬಾಬಾಸಾಹೇಬರು ಅದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನ ಮತಗಟ್ಟೆಯಿಂದ ದೂರ ಇಡೋಕೆ ಮತ ತೆರಿಗೆ, ಅಕ್ಷರ ಪರೀಕ್ಷೆ ಎಲ್ಲಾ ಇದ್ದವು. ಬಾಜಿ ಕಟ್ಟೋಕೆ ದುಡ್ಡಿದ್ದರೆ ಸಾಕು, ವೋಟು ಹಾಕೋಕೆ ಚರ್ಮದ ಬಣ್ಣ ಬೇಕಿತ್ತು. ಅವರ ಮತದಾನಕ್ಕೆ ಕಾನೂನಿನ ಗಟ್ಟಿ ರಕ್ಷಣೆ ಸಿಕ್ಕಿದ್ದು 1965ರಲ್ಲಿ.

ಈಗಿನ ಮಾದರಿ ಶುರುವಾಗಿದ್ದು 1988ರಲ್ಲಿ, ಅಯೋವಾ ವಿಶ್ವವಿದ್ಯಾಲಯದಲ್ಲಿ. ಅಭ್ಯರ್ಥಿ ಗೆದ್ದರೆ 1 ಡಾಲರ್ ಸಿಗುವ ಚೀಟಿ. ಅದು 60 ಸೆಂಟಿಗೆ ಮಾರಾಟವಾದರೆ, ಗೆಲ್ಲೋ ಸಾಧ್ಯತೆ ನೂರಕ್ಕೆ 60 ಅಂತ ಅರ್ಥ. ಗೋಧಿ, ಜೋಳದ ಮುಂಗಡ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಎಫ್‌ಟಿಸಿ, ಇದು ಓದಿಗಾಗಿ, ಒಬ್ಬರಿಗೆ 500 ಡಾಲರ್ ಮಿತಿ ಅಂತ ಸುಮ್ಮನಿತ್ತು. ದೊಡ್ಡ ಕಂಪನಿಗಳು ಬಂದ ಮೇಲೆ ಜಗಳ ಹತ್ತಿತು. 2022ರಲ್ಲಿ ಪಾಲಿಮಾರ್ಕೆಟ್‌ಗೆ 14 ಲಕ್ಷ ಡಾಲರ್ ದಂಡ ಬಿತ್ತು. 2023ರಲ್ಲಿ ಕಾಲ್ಶಿಯ ಚುನಾವಣಾ ಚೀಟಿಗೆ ಅನುಮತಿ ಸಿಗಲಿಲ್ಲ. ಕಂಪನಿ ಕೋರ್ಟಿಗೆ ಹೋಗಿ 2024ರ ಸೆಪ್ಟೆಂಬರಿನಲ್ಲಿ ಗೆದ್ದಿತು. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು.

2024ರಲ್ಲಿ ಒಬ್ಬನೇ ಫ್ರೆಂಚ್ ವ್ಯಾಪಾರಿ ಟ್ರಂಪ್ ಮೇಲೆ ಸುಮಾರು 3 ಕೋಟಿ ಡಾಲರ್ ಸುರಿದ. ಗೆದ್ದ, ಒಪ್ಪೋಣ. ಆದರೆ ಅವನು ಆ ದೇಶದ ಮತದಾರನೇ ಅಲ್ಲ! ಹಾಗಾದರೆ ರೇಟು ಹೇಳಿದ್ದು ಜನರ ಮನಸ್ಸನ್ನೋ, ಅವನ ಗಂಟಿನ ತೂಕವನ್ನೋ?

ನಮ್ಮಜ್ಜಿ ಒಂದು ದಿನದ ಕೂಲಿ ಬಿಟ್ಟು ವೋಟು ಹಾಕಿ ಬರ್ತಿದ್ದಳು. ಅವಳ ಬೆರಳಿನ ಶಾಯಿಗೂ ಊರ ಗೌಡರ ಬೆರಳಿನ ಶಾಯಿಗೂ ಒಂದೇ ಲೆಕ್ಕ. ಬಾಬಾಸಾಹೇಬರು ಹೋರಾಡಿದ್ದು ಆ ಸಮಾನ ಮೌಲ್ಯಕ್ಕೆ. ಬಾಜಿಕಟ್ಟೆಯಲ್ಲಿ ಅಜ್ಜಿಗೆ ಜಾಗವೇ ಇಲ್ಲ, ಅಲ್ಲಿ ಗಂಟು ದೊಡ್ಡದಿದ್ದವನ ಮಾತೇ ದೊಡ್ಡದು.

ಆ ಹುಡುಗನಿಗೆ ನಾಳೆ ಇಷ್ಟೇ ಹೇಳ್ತೀನಿ: ರೇಟು ನೋಡಪ್ಪಾ, ತಪ್ಪಿಲ್ಲ. ಆದ್ರೆ ಅದನ್ನೇ ಜನರ ತೀರ್ಪು ಅಂದ್ಕೋಬೇಡ.