ಬೋಳು ಬಂಡೆಯೇ ಬಂಡವಾಳ

ನಾರ್ವೆಯ ಪಶ್ಚಿಮ ಕರಾವಳಿಯ ಕ್ರಿಸ್ಟಿಯಾನ್‌ಸುಂಡ್ ಒಣಮೀನಿನಿಂದ ದುಡ್ಡು ಕಂಡ ಊರು. ಆದರೆ ಆ ದುಡ್ಡಿನ ಮೂಲ ಹುಡುಕುತ್ತ ಹೋದರೆ ನಗು ಬರುತ್ತದೆ. ಕಾಡ್ ಮೀನಿನ ದೊಡ್ಡ ಪಾಲು ಬರುತ್ತಿದ್ದದ್ದು ದೂರದ ಉತ್ತರದ ಲೊಫೋಟನ್ ದ್ವೀಪಗಳಿಂದ. ಉಪ್ಪು ಸ್ಪೇನಿನದು. 17ನೇ ಶತಮಾನದ ಕೊನೆಗೆ ಇಲ್ಲಿ ಈ ಕಸುಬು ಶುರುಮಾಡಿದವನು ಯಾಪ್ ಇಪ್ಪೆಸ್ ಎಂಬ ಡಚ್ಚ. ಮುಂದಿನ ಶತಮಾನದಲ್ಲಿ ಅದನ್ನು ಬೆಳೆಸಿದವರಲ್ಲಿ ಲೆಸ್ಲಿ, ರಾಮ್ಸೇ ಮೊದಲಾದ ಸ್ಕಾಟ್ಲೆಂಡಿನ ವ್ಯಾಪಾರಿಗಳಿದ್ದರು. ತಿನ್ನುವವರು ಸ್ಪೇನ್, ಪೋರ್ಚುಗಲ್, ಬ್ರೆಜಿಲ್‌ನ ಕ್ಯಾಥೊಲಿಕರು. ಮಾಂಸ ಮುಟ್ಟದ ವ್ರತದ ದಿನಗಳಲ್ಲಂತೂ ಅವರಿಗೆ ಮೀನೇ ಗತಿ. ಹಾಗಾದರೆ ಊರಿನ ಸ್ವಂತದ್ದು ಏನು? ಬೋಳು ಬಂಡೆ, ಕಡಲಗಾಳಿ ಮತ್ತು ಹೆಂಗಸರ ರಟ್ಟೆ.

ನಾನು ಅಂಕೋಲೆ ಕಡೆಯವಳು. ಮಳೆಗಾಲಕ್ಕೆ ಮುಂಚೆ ಒಣಮೀನು ಕೊಂಡು ಡಬ್ಬಿ ತುಂಬಿಸುವ ಮನೆಯಲ್ಲಿ ಬೆಳೆದವಳು. ಹಾಗಾಗಿ ಈ ಊರಿನ ಚರಿತ್ರೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ರಾಜರ ಕಡೆಗಲ್ಲ, ಮೀನು ಒಣಗಿಸಿದ ಹೆಂಗಸರ ಕಡೆಗೆ. (ರಾಜನ ಪಾಲೂ ಇದೆ: 1742ರಲ್ಲಿ ಆರನೆಯ ಕ್ರಿಶ್ಚಿಯನ್ ಇದಕ್ಕೆ ಪಟ್ಟಣದ ಹಕ್ಕು ಕೊಟ್ಟು ತನ್ನ ಹೆಸರನ್ನೂ ಇಟ್ಟ.)

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮೀನಿನ ತಲೆ ಕತ್ತರಿಸಿ, ಹೊಟ್ಟೆ ಸೀಳಿ, ಬೆನ್ನೆಲುಬಿನ ದೊಡ್ಡ ಭಾಗ ತೆಗೆದು, ಪುಸ್ತಕದಂತೆ ಬಿಡಿಸಿ, ಪದರಪದರವಾಗಿ ಉಪ್ಪಿನಲ್ಲಿ ಒಟ್ಟುತ್ತಿದ್ದರು. ವಾರಗಟ್ಟಲೆ ಉಪ್ಪು ಹೀರಿದ ಮೇಲೆ ತಣ್ಣೀರಿನಲ್ಲಿ ತಿಕ್ಕಿ ತೊಳೆಯಬೇಕು. ಆ ನೀರಿನ ಚಳಿಗೆ ಬೆರಳು ಮರಗಟ್ಟುತ್ತಿತ್ತು. ಆಮೇಲೆ ವಸಂತದಿಂದ ಬೇಸಿಗೆಯವರೆಗೆ ಬಂಡೆಯ ಮೇಲೆ ಹರಡುವುದು. ಬೆಳಗ್ಗೆ ಹರಡಿದ್ದನ್ನು ಸಂಜೆಗೆ ಬಳಿದು ಗುಪ್ಪೆ ಹಾಕಿ, ಮೇಲೆ ಮುಚ್ಚಿ, ಕಲ್ಲು ಹೇರಿ ಒತ್ತುವುದು. ಒತ್ತಿದಾಗ ಒಳಗಿನ ನೀರು ಹೊರಗೆ ಬರುತ್ತದೆ. ಮರುದಿನ ಮತ್ತೆ ಹರಡಬೇಕು. ಬಿಸಿಲು ಹೆಚ್ಚಾದರೆ ಮೀನು ಬೆಂದಂತಾಗಿ ಪುಡಿಯಾಗುತ್ತದೆ, ಹನಿ ಬಿದ್ದರೆ ಕೆಡುತ್ತದೆ. ಅಟ್ಲಾಂಟಿಕ್ ಅಂಚಿನ ಮಳೆ ಹೇಳಿ ಕೇಳಿ ಬರುವುದಿಲ್ಲವಾದ್ದರಿಂದ ಮೋಡ ಕಂಡ ಕೂಡಲೇ ಹೆಂಗಸರು ಮಕ್ಕಳೊಂದಿಗೆ ಬಂಡೆಗೆ ಓಡಬೇಕಿತ್ತು. ಕೊನೆಯಲ್ಲಿ ಮೀನಿನ ದರ್ಜೆ ನಿರ್ಧರಿಸುವವನು ಬಂದು ಯಾವುದು ಯಾವ ದೇಶಕ್ಕೆ ಎಂದು ಬೇರ್ಪಡಿಸುತ್ತಿದ್ದ. ತಿಂಗಳುಗಟ್ಟಲೆ ಮೋಡ ನೋಡಿದವರ ದುಡಿಮೆಗೆ ಬೆಲೆ ಕಟ್ಟುವ ಕಣ್ಣು ಮಾತ್ರ ಬೇರೆಯವರದು. ನಮ್ಮ ಕರಾವಳಿಯಲ್ಲೂ ಇದೇನು ಹೊಸ ಕತೆಯಲ್ಲ.

ಮೀನು ಒಯ್ದ ಹಡಗುಗಳು ಉಪ್ಪು ಹೇರಿಕೊಂಡು ಮರಳುತ್ತಿದ್ದವು. ಅಡುಗೆಯೂ ಹಾಗೆಯೇ ಹಡಗಿನ ದಾರಿಯಲ್ಲಿ ಬಂತು. ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಒಣಮೀನಿನ ‘ಬಕಲಾವ್’ ಇವತ್ತು ಅಲ್ಲಿಯವರ ಹೆಮ್ಮೆಯ ಊಟ. ಊರು ಹಲವು ದ್ವೀಪಗಳ ಮೇಲೆ ಹಂಚಿಹೋಗಿರುವುದರಿಂದ 1876ರಿಂದಲೂ ‘ಸುಂಡ್‌ಬೋಟನ್’ ಎಂಬ ಸಣ್ಣ ದೋಣಿ ಜನರನ್ನು ದಡದಿಂದ ದಡಕ್ಕೆ ದಾಟಿಸುತ್ತಿದೆ.

1940ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ದಿನಗಟ್ಟಲೆ ಬಾಂಬ್ ಸುರಿದು ಮರದ ಊರಿನ ಬಹುಭಾಗವನ್ನು ಸುಟ್ಟವು. ಯುದ್ಧ ಮುಗಿದ ಮೇಲೆ ಊರು ಹೊಸದಾಗಿ ಎದ್ದಿತು, ಮೀನು ಯಂತ್ರಗಳ ಬಿಸಿಗಾಳಿಗೆ ಒಳಗೆ ಹೋಯಿತು, ಬಂಡೆಗಳು ಖಾಲಿಯಾದವು. ಅದೇ ಕಾಲದಲ್ಲಿ ನಾರ್ವೆಯವರು ನಮ್ಮ ಕಡೆ ಬಂದರು. ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಆರಂಭವಾಗಿ 1960ರ ದಶಕದಲ್ಲಿ ಕಾರವಾರಕ್ಕೂ ಹಬ್ಬಿತು. ಜೊತೆಗೆ ಯಾಂತ್ರಿಕ ದೋಣಿ, ಮಂಜುಗಡ್ಡೆ, ಶೀತಲೀಕರಣದ ಪಾಠ ಬಂತು. ಉಪ್ಪು-ಬಿಸಿಲಿನಿಂದ ಬದುಕು ಕಟ್ಟಿದ ದೇಶ ಉಪ್ಪು-ಬಿಸಿಲಿನ ನಮ್ಮವರಿಗೆ ಮಂಜುಗಡ್ಡೆ ಹೇಳಿಕೊಟ್ಟದ್ದು ವಿಚಿತ್ರವೇ ಸರಿ.

ಕ್ರಿಸ್ಟಿಯಾನ್‌ಸುಂಡ್‌ನವರು ಮಾತ್ರ ತಮ್ಮ ಹಳೆಯ ಕಸುಬನ್ನು ಮರೆಯಲಿಲ್ಲ. ಮಿಲ್ನ್‌ಬ್ರಿಗ್ಗಾ ಎಂಬ 18ನೇ ಶತಮಾನದ ಮರದ ಗೋದಾಮಿನಲ್ಲಿ ಒಣಮೀನಿನ ಮ್ಯೂಸಿಯಂ ಇದೆ. ಊರಿಗೆ 250 ವರ್ಷ ತುಂಬಿದ 1992ರಲ್ಲಿ ಬಂದರಿನಲ್ಲಿ ಪ್ರತಿಮೆ ನಿಲ್ಲಿಸಿದರು, ಅದೂ ವ್ಯಾಪಾರಿಯದಲ್ಲ, ಮೀನು ಒಣಗಿಸುವ ಹೆಂಗಸಿನದು. ನಾರ್ವೆಯ ಕರಾವಳಿಯುದ್ದಕ್ಕೂ ಸಾಗುವ ಹುರ್ಟಿಗ್ರೂಟನ್ ಹಡಗು ಇಲ್ಲಿ ನಿಲ್ಲುತ್ತದೆ. ಫಿಯರ್ಡ್ ನೋಡಲು ಹೋಗುವವರು ದಯವಿಟ್ಟು ಇಳಿದು ಅವಳನ್ನೂ ನೋಡಿ ಬನ್ನಿ. ಬಂದ ಮೇಲೆ, ಅಂಕೋಲೆ, ಕಾರವಾರ, ಮಲ್ಪೆಯಲ್ಲಿ ಇನ್ನೂ ಮೀನು ಒಣಗಿಸುತ್ತಿರುವ ಹೆಂಗಸರ ಮಾತನ್ನು, ಅವರಿರುವಾಗಲೇ, ಯಾರಾದರೂ ಕೂತು ಬರೆದುಕೊಳ್ಳಿ.