ಮೊರಾಂಟ್ ಬೇಯ ಕೋರ್ಟು

ಬಿ.ಎ. ಓದುವಾಗ ಬ್ರಿಟಿಷ್ ಗವರ್ನರುಗಳ ಹೆಸರುಗಳನ್ನು ಬಾಯಿಪಾಠ ಮಾಡಿದೆ. ಪಾಲ್ ಬೋಗಲ್ ಅನ್ನೋ ಹೆಸರನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ಹೇಳಬೇಕಿತ್ತು.

ಕೆರಿಬಿಯನ್ ಕಡಲಿನ ಜಮೈಕಾ ದ್ವೀಪದ ಪೂರ್ವ ತುದಿಯಲ್ಲಿ ಸೇಂಟ್ ಥಾಮಸ್ ಅನ್ನುವ ಪ್ಯಾರಿಷ್ ಇದೆ. ಪ್ಯಾರಿಷ್ ಅಂದರೆ ಹುಟ್ಟಿನಲ್ಲಿ ಒಂದು ಚರ್ಚಿನ ಸರಹದ್ದು. ಆಮೇಲೆ ಅದೇ ಆಡಳಿತದ ಸರಹದ್ದೂ ಆಯಿತು. ಅದನ್ನು ನಡೆಸುತ್ತಿದ್ದದ್ದು ವೆಸ್ಟ್ರಿ ಎಂಬ ಸಭೆ. ಊರಿನ ತೆರಿಗೆ, ಬಡವರ ಪರಿಹಾರ ಎಲ್ಲ ಅದರ ಕೈಯಲ್ಲಿ. ಅದರ ಯಜಮಾನ ಕಸ್ಟೋಸ್. ಪ್ಯಾರಿಷ್ಷಿನ ಮುಖ್ಯ ಮ್ಯಾಜಿಸ್ಟ್ರೇಟನೂ ಅವನೇ. ವೆಸ್ಟ್ರಿಯಲ್ಲೂ ಕಬ್ಬಿನ ತೋಟದವರು, ನ್ಯಾಯಪೀಠದಲ್ಲೂ ಅವರೇ. ಕೂಲಿ ಕೊಡಲಿಲ್ಲ ಅಂತ ದೂರು ಕೊಡೋಕೆ ಹೋದವನು ಅವರ ಮುಂದೆಯೇ ಕೈಮುಗಿದು ನಿಲ್ಲಬೇಕು.

1838ರಲ್ಲಿ ಗುಲಾಮಗಿರಿ ಪೂರ್ತಿ ಹೋಯಿತು. ಸರಪಳಿ ಕಳಚಿತು, ಭೂಮಿ ಸಿಗಲಿಲ್ಲ. ಆಸ್ತಿ ಇದ್ದವನಿಗಷ್ಟೇ ಓಟು. 1860ರ ದಶಕದಲ್ಲಿ 4 ಲಕ್ಷಕ್ಕೂ ಮಿಕ್ಕ ಜನರಲ್ಲಿ ಓಟಿದ್ದವರು 2,000ದ ಆಸುಪಾಸು. ಗುಲಾಮ ತಾಯಿಯ ಮಗ ಜಾರ್ಜ್ ವಿಲಿಯಂ ಗಾರ್ಡನ್ ಇಂಥದ್ದರಲ್ಲೂ ಗೆದ್ದು ಬಂದ. ಅವನು ಇಂಗ್ಲೆಂಡಿನ ಚರ್ಚಿಗೆ ಸೇರಿದವನಲ್ಲ ಎಂದು ನೆಪ ತೆಗೆದು ಕಸ್ಟೋಸ್ ಅವನನ್ನು ವೆಸ್ಟ್ರಿಯಿಂದ ಹೊರಗೆ ಹಾಕಿಸಿದ.

ಬೋಗಲ್ ಸ್ಟೋನಿ ಗಟ್ ಎಂಬ ಹಳ್ಳಿಯ ಸಣ್ಣ ರೈತ, ಬ್ಯಾಪ್ಟಿಸ್ಟ್ ಡೀಕನ್. 1865ರ ಆಗಸ್ಟಿನಲ್ಲಿ ತನ್ನವರನ್ನು ಕಟ್ಟಿಕೊಂಡು ರಾಜಧಾನಿ ಸ್ಪ್ಯಾನಿಷ್ ಟೌನಿಗೆ 40 ಮೈಲಿಗೂ ಹೆಚ್ಚು ನಡೆದ. ಗವರ್ನರ್ ಐರ್ ಮುಖ ಕೊಡಲಿಲ್ಲ. ಅಕ್ಟೋಬರ್ 7ರಂದು ಮೊರಾಂಟ್ ಬೇ ಕೋರ್ಟಿನಲ್ಲಿ ಗಲಾಟೆಯಾಯಿತು. ಬೋಗಲ್ ಮೇಲೆ ವಾರಂಟ್ ಹೊರಟಿತು. 11ರಂದು ನೂರಾರು ಜನ ಅದೇ ಕೋರ್ಟಿಗೆ ನಡೆದರು. ಒಳಗೆ ವೆಸ್ಟ್ರಿ ಕೂತಿತ್ತು. ಹೊರಗಿದ್ದ ಮಿಲಿಷಿಯಾ ಗುಂಡು ಹಾರಿಸಿತು. 7 ಜನ ಬಿದ್ದರು. ಆಮೇಲೆ ಕೋರ್ಟಿಗೆ ಬೆಂಕಿ ಬಿತ್ತು. ಅಧಿಕಾರಿಗಳು, ಮಿಲಿಷಿಯಾದವರು ಸೇರಿ 18 ಜನ ಸತ್ತರು. ಕಸ್ಟೋಸನೂ ಸತ್ತ.

ಐರ್ ಮಾರ್ಷಲ್ ಲಾ ಸಾರಿದ. 439 ಜನರನ್ನು ಕೊಂದರು, 600 ಜನಕ್ಕೆ ಚಾವಟಿ ಏಟು, 1,000 ಮನೆ ಬೂದಿ. ಇದು ಅವರದೇ ರಾಯಲ್ ಕಮಿಷನ್ನಿನ ಲೆಕ್ಕ! ಗಾರ್ಡನ್ ಇದ್ದದ್ದು ಕಿಂಗ್‌ಸ್ಟನ್ನಿನಲ್ಲಿ. ಅಲ್ಲಿ ಮಾರ್ಷಲ್ ಲಾ ಇರಲೇ ಇಲ್ಲ. ಹಡಗಿನಲ್ಲಿ ಮೊರಾಂಟ್ ಬೇಗೆ ತಂದು 23ರಂದು ನೇಣಿಗೆ ಹಾಕಿದರು. ಮರುದಿನ ಬೋಗಲ್‌ಗೆ ನೇಣು. ಐರ್‌ನ ಕೆಲಸ ಹೋಯಿತು, ಶಿಕ್ಷೆ ಮಾತ್ರ ಆಗಲಿಲ್ಲ.

ಗೆಳೆಯರೇ, ಇನ್ನು ಮುಂದಿನದು ನೋಡಿ. ಕರಿಯರು ಒಂದು ದಿನ ತಮ್ಮ ಪಕ್ಕ ಬಂದು ಕೂತಾರು ಎಂಬ ಭಯಕ್ಕೆ ಒಡೆಯರು ತಮ್ಮ ಚುನಾಯಿತ ಅಸೆಂಬ್ಲಿಯನ್ನೇ ರದ್ದು ಮಾಡಿಕೊಂಡು 1866ರಲ್ಲಿ ದ್ವೀಪವನ್ನು ರಾಣಿಯ ಕೈಗೆ ಕೊಟ್ಟರು. ವೆಸ್ಟ್ರಿಯೂ ಹೋಯಿತು. ಕುರ್ಚಿ ಮುರಿದರೂ ಸೈ, ಪಾಲು ಕೊಡಲೊಲ್ಲರು! ವಯಸ್ಸಿಗೆ ಬಂದ ಎಲ್ಲರಿಗೂ ಓಟು ಸಿಕ್ಕಿದ್ದು 1944ರಲ್ಲಿ.

1969ರಲ್ಲಿ ಬೋಗಲ್, ಗಾರ್ಡನ್ ಇಬ್ಬರೂ ರಾಷ್ಟ್ರವೀರರಾದರು. ಆದರೂ ಸರ್ಕಾರಿ ದಫ್ತರದಲ್ಲಿ ಅಪರಾಧಿಗಳಾಗಿಯೇ ಉಳಿದಿದ್ದರು. ಆ ಕಳಂಕ ತೊಳೆಯುವ ಕಾನೂನು ಬಂದದ್ದು 2018ರಲ್ಲಿ. ಈಗ ಸೇಂಟ್ ಥಾಮಸ್‌ನಲ್ಲಿ ಜನ ಆರಿಸಿದ ಮುನಿಸಿಪಲ್ ಕಾರ್ಪೊರೇಷನ್ ಇದೆ. ಅಲ್ಲಿನ ಒಂದೊಂದು ಕುರ್ಚಿಗೂ ಸ್ಟೋನಿ ಗಟ್‌ನ ಹೊಗೆಯ ವಾಸನೆ ಇದೆ. ಕೂತವರಿಗೆ ಅದು ತಿಳಿಯುತ್ತಿರಲಿ.