ವಠಾರದ ಮನೆ: ಒಂದು ನಿವೇಶನ, ಹಲವು ಒಡೆಯರು

ಬೆಂಗಳೂರಿನ ಹಳೆಯ ಬಡಾವಣೆಗಳ ವಠಾರಗಳಲ್ಲಿ ಒಂದೇ ನಿವೇಶನದೊಳಗೆ ನಾಲ್ಕಾರು ಸಣ್ಣ ಮನೆಗಳು ಸಾಲಾಗಿ ನಿಂತಿರುತ್ತವೆ. ಗೇಟು, ಓಣಿ, ನಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲರಿಗೂ ಸೇರಿದವು. ಈ ಮನೆಗಳನ್ನು ಕಟ್ಟಿಸಿದ್ದು ಬಾಡಿಗೆಗೆ, ಬಿಡಿಬಿಡಿಯಾಗಿ ಮಾರುವುದಕ್ಕಲ್ಲ. ಇಂಥ ಮನೆಯನ್ನು ಇಂದು ಕೊಳ್ಳುವವರಿಗೆ ಒದಗುವ ಅನುಕೂಲ, ಎದುರಾಗುವ ತೊಡಕು ಎರಡಕ್ಕೂ ಇದೇ ಮೂಲ.

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆಬ್ಬಿಸಿದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ತುಂಬತೊಡಗಿದವು. ಗಾಳಿ ಬೆಳಕಿಗೆ ಒತ್ತು ಕೊಟ್ಟ ಈ ಬಡಾವಣೆಗಳಲ್ಲಿ ನಿವೇಶನಗಳು ವಿಶಾಲವಾಗಿದ್ದವು. ಮುಂದೆ ಮನೆ, ಹಿಂದೆ ಬಾವಿ, ದನದ ಕೊಟ್ಟಿಗೆ, ತೆಂಗಿನ ಮರಗಳಿದ್ದ ಹಿತ್ತಲು.

ಆ ಹಿತ್ತಲೇ ಮುಂದೆ ವಠಾರವಾಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷದ ಹತ್ತಿರಕ್ಕೆ ಏರಿತು. ಗುಮಾಸ್ತರು, ಮೇಷ್ಟರು, ಕಾರ್ಖಾನೆ ನೌಕರರು ಬಾಡಿಗೆ ಮನೆ ಹುಡುಕುತ್ತಿದ್ದರು. ಮಾಲೀಕರು ಮುಂದಿನ ಮನೆಯಲ್ಲಿ ತಾವಿದ್ದು, ಹಿಂದೆ ಹೆಂಚಿನ ಅಥವಾ ಮದ್ರಾಸ್ ತಾರಸಿಯ ಮನೆಗಳನ್ನು ಕಟ್ಟಿಸಿ ಬಾಡಿಗೆಗೋ ಭೋಗ್ಯಕ್ಕೋ ಕೊಟ್ಟರು. ನಿವೃತ್ತರಿಗೆ, ವಿಧವೆಯರಿಗೆ ಆ ಬಾಡಿಗೆಯೇ ಜೀವನಾಧಾರವಾಗಿದ್ದುದೂ ಉಂಟು.

ಒಬ್ಬರ ಆಸ್ತಿ ಹಲವರದಾಗಲು ಮುಖ್ಯವಾಗಿ ಎರಡು ಕಾರಣ. ಮೊದಲನೆಯದು 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆ ಏರಿಸುವುದೂ ಬಾಡಿಗೆದಾರರನ್ನು ಬಿಡಿಸುವುದೂ ಕಷ್ಟವಾಗಿ, ರಿಪೇರಿಯಲ್ಲಿ ಮಾಲೀಕರ ಆಸಕ್ತಿ ಕುಗ್ಗಿತು; ಒಳಗಿದ್ದವರಿಗೇ ಮನೆ ಮಾರಿ ಕೈತೊಳೆದುಕೊಂಡವರೂ ಇದ್ದರು. 1999ರ ಬಾಡಿಗೆ ಕಾಯ್ದೆ ಬರುವವರೆಗೆ ಇದೇ ಸ್ಥಿತಿ. ಎರಡನೆಯದು ಪಾಲು. ಯಜಮಾನ ತೀರಿಕೊಂಡ ಮೇಲೆ ಹಿರಿಯ ಮಗನಿಗೆ ಮುಂದಿನ ಮನೆ, ಉಳಿದವರಿಗೆ ಹಿಂದಿನ ಒಂದೊಂದು ಮನೆ ಎಂದು ಪಾಲುಪಟ್ಟಿ ಬರೆದಾಗಲೂ ಓಣಿ, ಬಾವಿ, ಬಚ್ಚಲ ಮೋರಿ ಜಂಟಿಯಾಗಿಯೇ ಉಳಿದವು. ಮುಂದಿನ ತಲೆಮಾರಿನವರು ತಮ್ಮ ಪಾಲನ್ನು ಹೊರಗಿನವರಿಗೆ ಮಾರತೊಡಗಿದರು.

ಹೀಗೆ ಮಾರಾಟಕ್ಕೆ ಬರುವ ಮನೆಯ ಮೊದಲ ಆಕರ್ಷಣೆ ಅದಿರುವ ಜಾಗ. ಸ್ವತಂತ್ರ ನಿವೇಶನ ಕೈಗೆಟುಕದ ಬಡಾವಣೆಯಲ್ಲಿ, ಮಾರುಕಟ್ಟೆ, ಶಾಲೆ, ದೇವಸ್ಥಾನಗಳ ಹತ್ತಿರ, ನೆಲಮಟ್ಟದ ಮನೆ ಸಿಗುತ್ತದೆ. ಕಟ್ಟಡ ಹಳತಾದರೂ ಅದರೊಂದಿಗೆ ಬರುವ ನೆಲದ ಪಾಲಿಗೆ ಬೆಲೆ ಇದ್ದೇ ಇರುತ್ತದೆ. ದಪ್ಪ ಗೋಡೆಗಳ ಮನೆ ಬೇಸಿಗೆಯಲ್ಲಿ ತಂಪು. ಅಪಾರ್ಟ್‌ಮೆಂಟಿನಂತೆ ಲಿಫ್ಟು, ಕಾವಲುಗಾರರ ತಿಂಗಳ ಖರ್ಚಿಲ್ಲ.

ತೊಡಕುಗಳೂ ಕಡಿಮೆಯಿಲ್ಲ. ನಡುಗೋಡೆ ಇಬ್ಬರಿಗೂ ಸೇರಿರುವಾಗ ಒಂದೇ ಮನೆಯನ್ನು ಕೆಡವಿ ಕಟ್ಟುವುದು ಕಷ್ಟ. ಸುತ್ತ ಬಿಡಬೇಕಾದ ಜಾಗವಿಲ್ಲದೆ ಹೊಸ ನಕ್ಷೆಗೆ ಮಂಜೂರಾತಿ ಸಿಗುವುದೂ ಕಷ್ಟ. ಓಣಿಯಲ್ಲಿ ಕಾರು ಹೋಗದು. ಮೋರಿ ಕಟ್ಟಿಕೊಂಡರೆ ಖರ್ಚು ಯಾರದು ಎಂಬುದಕ್ಕೆ ಲಿಖಿತ ನಿಯಮ ಇರುವುದು ಅಪರೂಪ. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಘೋಷಣೆಯಾಗದ ಈ ಮನೆಗಳಿಗೆ ಆ ಕಾಯ್ದೆಯ ನಿರ್ವಹಣಾ ನಿಯಮಗಳ ಆಸರೆಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಅವಿಭಜಿತ ಪಾಲನ್ನು ಕೊಳ್ಳುವುದರಲ್ಲಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವರಿಗೆ ಆ ಮನೆಯಲ್ಲಿ ಜಂಟಿಯಾಗಿ ವಾಸಿಸುವ ಹಕ್ಕು ಬರುವುದಿಲ್ಲ. ಅವರು ಪಾಲು ಕೇಳಿ ದಾವೆ ಹೂಡಿದರೆ, ನ್ಯಾಯಾಲಯ ಕಟ್ಟುವ ಬೆಲೆ ಕೊಟ್ಟು ಅವರ ಪಾಲನ್ನು ತಾವೇ ಕೊಳ್ಳುವ ಅವಕಾಶ 1893ರ ವಿಭಾಗ ಕಾಯ್ದೆಯಲ್ಲಿ ಕುಟುಂಬದವರಿಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿರುವುದರಿಂದ, ಅವರ ಸಹಿಯಿಲ್ಲದ ಕ್ರಯಪತ್ರ ವ್ಯಾಜ್ಯಕ್ಕೆ ದಾರಿಮಾಡುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ಪಾಲುಪಟ್ಟಿ ನೋಂದಣಿಯಾಗಿದೆಯೇ, ಚಕ್ಕುಬಂದಿಯಲ್ಲಿ ಓಣಿಯ ಅಗಲವೂ ಓಡಾಟದ ಹಕ್ಕೂ ನಮೂದಾಗಿವೆಯೇ, ನೀರು ಮತ್ತು ವಿದ್ಯುತ್ ಮೀಟರು ಬೇರೆ ಇವೆಯೇ, ಹಳೆಯ ಬಾಡಿಗೆದಾರರು ಅಥವಾ ಭೋಗ್ಯದವರು ಉಳಿದಿದ್ದಾರೆಯೇ ಎಂದು ನೋಡಬೇಕು. ಖಾತೆ ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಮೂಲಪತ್ರಗಳ ಜೊತೆ ಋಣಭಾರ ಪತ್ರವನ್ನೂ ಪರಿಶೀಲಿಸಬೇಕು. ಪಾಲು ಸ್ಪಷ್ಟವಾಗಿ ಬೇರೆಯಾಗಿ, ದಾರಿಯ ಹಕ್ಕು ಬರಹದಲ್ಲಿದ್ದರೆ ವಠಾರದ ಮನೆ ವಾಸಕ್ಕೆ ಕೊಳ್ಳಲು ತಕ್ಕದ್ದು. ಕೆಡವಿ ಎತ್ತರದ ಮನೆ ಕಟ್ಟುವ ಉದ್ದೇಶದವರಿಗೆ, ಉಳಿದ ಒಡೆಯರೆಲ್ಲ ಒಪ್ಪದ ಹೊರತು, ಅದು ಹೊಂದುವುದಿಲ್ಲ.